ಸುಧಾರಣೆ ಕೆಲಸ ಹತ್ತಿವೆ, ಮೊದಲು ಯಾವುದು? ಸಣ್ಣ ಕಾರ್ಖಾನೆಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಪೀಣ್ಯದಲ್ಲಾಗಲಿ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಾಗಲಿ, ಬೆಳಗಾವಿಯ ಉದ್ಯಮಬಾಗದಲ್ಲಾಗಲಿ, ಯಾವ ಮಷಿನ್ ಶಾಪ್‌ಗೆ ಹೋದರೂ ಸುಧಾರಣೆಯ ಐಡಿಯಾಗಳಿಗೆ ಬರ ಇಲ್ಲ. ಸೆಟ್ಟಿಂಗ್ ಟೈಮ್ (ಮುಂದಿನ ಜಾಬ್‌ಗೆ ಮಷಿನ್ ಸಿದ್ಧ ಮಾಡುವ ಸಮಯ) ಕಡಿಮೆ ಮಾಡಬೇಕು, ರಿಜೆಕ್ಷನ್ (ಹಾಳಾಗುವ ಪೀಸ್) ಇಳಿಸಬೇಕು, ಟೂಲ್ ಸ್ಟೋರ್ ಸರಿ ಮಾಡಬೇಕು, ಸಾಫ್ಟ್‌ವೇರ್ ಹಾಕಿಸಬೇಕು ಅಂತ ಎಲ್ಲರ ಬಾಯಲ್ಲೂ ಒಂದೊಂದು ಇರುತ್ತದೆ. ಕೊರತೆ ಇರುವುದು ಜನರದ್ದು. ಇದನ್ನೆಲ್ಲ ಮಾಡಬೇಕಾದವರು ಅದೇ ಒಬ್ಬ ಸೂಪರ್‌ವೈಸರ್, ಅದೇ ಒಬ್ಬ ಮೇಂಟೆನೆನ್ಸ್ ಹುಡುಗ, ಅದೇ ಇಬ್ಬರು ಸೆಟ್ಟರ್‌ಗಳು. ಅವರಿಗೆ ದಿನದ ಕೆಲಸವೇ ಮುಗಿಯುವುದಿಲ್ಲ.

ಹಾಗಾಗಿ ಆದ್ಯತೆ ಕೊಡುವುದು ಅಂದರೆ ಪಟ್ಟಿಗೆ ನಂಬರ್ ಹಾಕುವುದಲ್ಲ. ಯಾವುದನ್ನು ಈಗ ಮುಟ್ಟುವುದಿಲ್ಲ ಅಂತ ತೀರ್ಮಾನ ಮಾಡುವುದು. ಅದನ್ನು ಲೆಕ್ಕ ಹಾಕಿ ಮಾಡುವುದು ಹೇಗೆ ಅಂತ ಇಲ್ಲಿ ಹೇಳುತ್ತೇನೆ. ಉದಾಹರಣೆಗೆ ಒಂದು ಶಾಪ್ ಕಲ್ಪಿಸಿಕೊಳ್ಳೋಣ. ನಲವತ್ತು ಜನ, ನಾಲ್ಕು ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಣದ) ಲೇತ್, ಒಂದು ವಿಎಂಸಿ (ಕಂಪ್ಯೂಟರ್ ನಿಯಂತ್ರಣದ ಮಿಲ್ಲಿಂಗ್ ಮಷಿನ್), ಒಂದು ಗ್ರೈಂಡಿಂಗ್ ಮಷಿನ್, ಎರಡು ಶಿಫ್ಟ್. ಪಂಪ್ ಕಂಪನಿಗಳಿಗೆ ಪಾರ್ಟ್ಸ್ ಮಾಡಿಕೊಡುತ್ತಾರೆ. ಅಂಕಿಗಳು ಲೆಕ್ಕ ತೋರಿಸಲು ನಾನು ಹಾಕಿದವು. ನಿಮ್ಮ ಅಂಕಿ ನೀವು ಹಾಕಿಕೊಳ್ಳಿ.

1. ಪಟ್ಟಿ ಬರೆಯಿರಿ, ಆದರೆ ಪರಿಹಾರ ಬರೆಯಬೇಡಿ

ಐಡಿಯಾ ಕೊಡಿ ಅಂತ ಜನರನ್ನು ಕೇಳಿದರೆ ಸಾಮಾನ್ಯವಾಗಿ ಪರಿಹಾರವನ್ನೇ ಹೇಳುತ್ತಾರೆ. "ಇಆರ್‌ಪಿ (ಇಡೀ ಕಂಪನಿಯ ಲೆಕ್ಕ ಇಡುವ ಸಾಫ್ಟ್‌ವೇರ್) ಹಾಕಿಸಿ ಸಾರ್." "ಇನ್ನೊಂದು ವಿಎಂಸಿ ತಗೊಳ್ಳಿ." ಇವನ್ನು ಹಾಗೇ ಪಟ್ಟಿಗೆ ಸೇರಿಸಿದರೆ ಹೋಲಿಸುವುದಕ್ಕೇ ಆಗುವುದಿಲ್ಲ. ಏನು ತೊಂದರೆ ಆಗುತ್ತಿದೆ ಅಂತ ತಿರುಗಿ ಕೇಳಿ. ಇಆರ್‌ಪಿ ಕೇಳಿದವರ ನಿಜವಾದ ತೊಂದರೆ ಹೀಗಿರಬಹುದು: "ಕಸ್ಟಮರ್ ಫೋನ್ ಮಾಡಿ ನಮ್ಮ ಆರ್ಡರ್ ಎಲ್ಲಿದೆ ಅಂದರೆ, ಹುಡುಕಿ ಹೇಳಲು ಅರ್ಧ ದಿನ ಬೇಕು." ಇದನ್ನು ಬರೆದುಕೊಳ್ಳಿ. ಇದಕ್ಕೆ ಗೋಡೆಗೆ ಹಾಕಿದ ಒಂದು ವೈಟ್ ಬೋರ್ಡ್ ಸಾಕಾಗಬಹುದು, ಸಾಫ್ಟ್‌ವೇರೂ ಬೇಕಾಗಬಹುದು. ಅದು ಆಮೇಲಿನ ಮಾತು.

ಜನರ ಜೊತೆಗೆ ದಾಖಲೆಗಳನ್ನೂ ಕೇಳಬೇಕು. ರಿಜೆಕ್ಷನ್ ರಿಜಿಸ್ಟರ್, ಕಸ್ಟಮರ್ ಕಂಪ್ಲೇಂಟ್ ಫೈಲ್, ಓಟಿ (ಓವರ್‌ಟೈಮ್) ಲೆಕ್ಕ, ತಡವಾದ ಡಿಸ್ಪ್ಯಾಚ್‌ಗಳು, ಕರೆಂಟ್ ಬಿಲ್, ಈ ಐದನ್ನು ಹಿಂದಿನ ಮೂರು ತಿಂಗಳಿನದ್ದು ತೆಗೆದು ನೋಡಿ. ರಿಜೆಕ್ಷನ್‌ಗಳನ್ನು ಕಾರಣವಾರು ಎಣಿಸಿ, ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ. ಹತ್ತು ಹನ್ನೆರಡು ಕಾರಣ ಸಿಕ್ಕರೂ ಹೆಚ್ಚಿನ ನಷ್ಟ ಎರಡು ಮೂರರಲ್ಲೇ ಕೂತಿರುವುದು ಮಾಮೂಲು. ಗುಣಮಟ್ಟದ ಕೆಲಸಕ್ಕೆ ಈ ಮಾತನ್ನು ತಂದವರು ಅಮೆರಿಕದ ಗುಣಮಟ್ಟ ತಜ್ಞ ಜೋಸೆಫ್ ಜುರಾನ್. ಇಟಲಿಯ ಅರ್ಥಶಾಸ್ತ್ರಜ್ಞ ವಿಲ್ಫ್ರೆಡೊ ಪರೆಟೊ ಹೆಸರಲ್ಲಿ ಅದು ಪ್ರಸಿದ್ಧವಾಯಿತು. ಒಂದು ಎಚ್ಚರಿಕೆ: ಪೀಸ್ ಎಣಿಸಿದಾಗ ಬರುವ ಕ್ರಮ ಬೇರೆ, ದುಡ್ಡು ಎಣಿಸಿದಾಗ ಬರುವ ಕ್ರಮ ಬೇರೆ. ಎರಡನ್ನೂ ಮಾಡಿ.

2. ಪೈಪೋಟಿಗೇ ಬರಬಾರದವು

ಪಟ್ಟಿಯಲ್ಲಿ ಕೆಲವನ್ನು ಬೇರೆಯವುಗಳ ಜೊತೆ ಹೋಲಿಸುವುದೇ ತಪ್ಪು. ಪ್ರೆಸ್‌ನ ಗಾರ್ಡ್ ಮುರಿದಿದೆ, ಗ್ರೈಂಡಿಂಗ್ ಚಕ್ರದ ಮೇಲಿನ ಕವರ್ ಇಲ್ಲ, ಪ್ಯಾನೆಲ್‌ನಲ್ಲಿ ವೈರ್ ತೆರೆದಿದೆ, ಇವಕ್ಕೆ "ಎಷ್ಟು ಲಾಭ" ಅಂತ ಕೇಳುವ ಹಾಗಿಲ್ಲ. ಸರಿ ಮಾಡುವವರೆಗೆ ಆ ಮಷಿನ್ ನಿಲ್ಲಿಸಿ. ಕಾನೂನಿನ ಗಡುವು ಇರುವ ಕೆಲಸ, ಕಸ್ಟಮರ್‌ನ ಲೈನ್ ನಿಂತುಹೋಗುವ ದೋಷ, ಇವೂ ಇದೇ ಗುಂಪು.

ಇನ್ನೊಂದು ತುದಿಯಲ್ಲಿ ಚಿಲ್ಲರೆ ಕೆಲಸಗಳಿವೆ. ಹಳೇ ಡ್ರಾಯಿಂಗ್‌ಗಳು ಮಷಿನ್ ಪಕ್ಕದಲ್ಲೇ ಉಳಿದಿವೆ, ತೆಗೆದು ಹೊಸ ರಿವಿಷನ್ ಹಾಕಬೇಕು. ಒಬ್ಬರು ಅರ್ಧ ದಿನದಲ್ಲಿ ಮುಗಿಸುವ ಇಂಥದ್ದಕ್ಕೆ ಮೀಟಿಂಗ್, ಸ್ಕೋರ್ ಏನೂ ಬೇಡ. ಸೂಪರ್‌ವೈಸರ್‌ಗೆ ಒಂದು ಸಣ್ಣ ಮೊತ್ತದವರೆಗೆ ಖರ್ಚು ಮಾಡುವ ಅಧಿಕಾರ ಕೊಟ್ಟುಬಿಡಿ. ಐನೂರು ರೂಪಾಯಿ ಬೋಲ್ಟ್‌ಗೂ ಮಾಲೀಕರ ಸಹಿ ಬೇಕಾದ ಕಡೆ ಯಾವ ಸುಧಾರಣೆಯೂ ಓಡುವುದಿಲ್ಲ.

3. ಇಕ್ಕಟ್ಟು ಎಲ್ಲಿದೆ ಅಂತ ಮೊದಲು ನೋಡಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಭಾಗ ಓದುತ್ತೀರಿ ಅಂದರೆ ಇದನ್ನು ಓದಿ. ಯಾಕೆಂದರೆ ಒಂದು ಗಂಟೆ ಉಳಿಸಿದರೆ ಎಷ್ಟು ದುಡ್ಡು ಅನ್ನುವ ಪ್ರಶ್ನೆಗೆ ಉತ್ತರ, ಆ ಗಂಟೆ ಯಾವ ಮಷಿನ್‌ನಲ್ಲಿ ಉಳಿಯಿತು ಅನ್ನುವುದರ ಮೇಲೆ ನಿಂತಿದೆ.

ಮೊದಲಿಗೆ ನಿಮ್ಮನ್ನೇ ಕೇಳಿಕೊಳ್ಳಿ: ಆರ್ಡರ್ ಇದ್ದೂ ಮಾಡಿಕೊಡಲು ಆಗುತ್ತಿಲ್ಲವೋ, ಅಥವಾ ಮಾಡಲು ಸಿದ್ಧರಿದ್ದೂ ಆರ್ಡರ್ ಇಲ್ಲವೋ? ಆರ್ಡರ್ ಇಲ್ಲದಿದ್ದರೆ ಉತ್ಪಾದನೆ ವೇಗ ಹೆಚ್ಚಿಸುವ ಕೆಲಸಕ್ಕೆ ಸದ್ಯಕ್ಕೆ ಬೆಲೆ ಕಡಿಮೆ. ಆಗ ಗುಣಮಟ್ಟ, ಸಮಯಕ್ಕೆ ಡೆಲಿವರಿ, ಕೊಟೇಶನ್ ಬೇಗ ಕಳಿಸುವುದು, ಮೆಟೀರಿಯಲ್ ಮತ್ತು ಕರೆಂಟ್ ಉಳಿತಾಯ, ಇವು ಮುಂದೆ ಬರುತ್ತವೆ.

ಆರ್ಡರ್ ಜಾಸ್ತಿ ಇದ್ದರೆ, ಎಲ್ಲೋ ಒಂದು ಕಡೆ ಕೆಲಸ ಕಟ್ಟಿಕೊಂಡಿರುತ್ತದೆ. ಅದನ್ನು ಹುಡುಕುವುದು ಕಷ್ಟವಲ್ಲ. ಯಾವ ಮಷಿನ್ ಮುಂದೆ ಬಿನ್‌ಗಳು (ಪಾರ್ಟ್ಸ್ ತುಂಬಿದ ಡಬ್ಬಿಗಳು) ವಾರಗಟ್ಟಲೆ ಕಾಯುತ್ತವೆ? ಎಲ್ಲಿ ಓಟಿ ನಿಲ್ಲುವುದೇ ಇಲ್ಲ? ಯಾವ ಮಷಿನ್ ಕೆಟ್ಟರೆ ಮಾಲೀಕರು ಊಟ ಬಿಟ್ಟು ಓಡಿಬರುತ್ತಾರೆ? ಮೂರಕ್ಕೂ ಒಂದೇ ಉತ್ತರ ಬಂದರೆ ಅದೇ ಇಕ್ಕಟ್ಟಿನ ಜಾಗ. ಬಿನ್ ರಾಶಿಯೊಂದನ್ನೇ ನೋಡಿ ನಂಬಬೇಡಿ. ಹಿಂದಿನ ಮಷಿನ್‌ನವರು ಬೇಕಿಲ್ಲದ ಜಾಬ್ ದೊಡ್ಡ ಬ್ಯಾಚ್‌ನಲ್ಲಿ ಓಡಿಸಿದ್ದರೂ ರಾಶಿ ಬೀಳುತ್ತದೆ. ಒಂದು ವಾರ ದಿನಕ್ಕೆ ಎರಡು ಸಲ ಹೋಗಿ ಬಿನ್ ಎಣಿಸಿ ಬರೆದಿಟ್ಟರೆ ಗೊತ್ತಾಗುತ್ತದೆ.

ನಮ್ಮ ಕಲ್ಪನೆಯ ಶಾಪ್‌ನಲ್ಲಿ ಅದು ವಿಎಂಸಿ ಅಂತಿಟ್ಟುಕೊಳ್ಳಿ. ಒಂದು ಪೀಸ್ 420 ರೂಪಾಯಿಗೆ ಮಾರಾಟ. ಮೆಟೀರಿಯಲ್ ಮತ್ತು ಹೊರಗಿನ ಹೀಟ್ ಟ್ರೀಟ್‌ಮೆಂಟ್‌ಗೆ 180 ಹೋದರೆ ಉಳಿಯುವುದು 240. ವಿಎಂಸಿ ಗಂಟೆಗೆ 10 ಪೀಸ್ ಕೊಡುತ್ತದೆ. ಅಂದರೆ ಆ ಮಷಿನ್‌ನ ಒಂದು ಗಂಟೆಯ ಬೆಲೆ 2,400 ರೂಪಾಯಿ. ಸಂಬಳ, ಬಾಡಿಗೆ, ಬ್ಯಾಂಕ್ ಕಂತು ಹೇಗೂ ಕೊಡಲೇಬೇಕು. ಹಾಗಾಗಿ ಜಾಸ್ತಿ ಬಂದ ಈ ದುಡ್ಡು ಬಹುತೇಕ ನೇರವಾಗಿ ಕೈಗೆ ಬರುತ್ತದೆ.

ಈಗ ಸೆಟ್ಟಿಂಗ್ ನೋಡಿ. ದಿನಕ್ಕೆ ಎರಡು ಸಲ ಜಾಬ್ ಬದಲಾವಣೆ, ಒಂದೊಂದಕ್ಕೆ 90 ನಿಮಿಷ. ಇದನ್ನು 40ಕ್ಕೆ ಇಳಿಸಿದರೆ ದಿನಕ್ಕೆ 100 ನಿಮಿಷ ಉಳಿತಾಯ. 25 ಕೆಲಸದ ದಿನಕ್ಕೆ 2,500 ನಿಮಿಷ, ಹತ್ತಿರ ಹತ್ತಿರ 42 ಗಂಟೆ. ತಿಂಗಳಿಗೆ ಸುಮಾರು ಒಂದು ಲಕ್ಷ ರೂಪಾಯಿ. ಇದೇ 100 ನಿಮಿಷವನ್ನು ದಿನದಲ್ಲಿ ಎರಡು ಗಂಟೆ ಸುಮ್ನೆ ನಿಂತಿರುವ ಲೇತ್‌ನಲ್ಲಿ ಉಳಿಸಿದರೆ? ಸೊನ್ನೆ. ಲೇತ್ ಇನ್ನೂ ಜಾಸ್ತಿ ಹೊತ್ತು ಸುಮ್ನೆ ನಿಲ್ಲುತ್ತದೆ, ಅಷ್ಟೆ. ಓಟಿ ಕಡಿಮೆಯಾದರೆ ಮಾತ್ರ ಆ ಮೊತ್ತವನ್ನು ಲಾಭಕ್ಕೆ ಬರೆದುಕೊಳ್ಳಿ.

ಒಂದು ಕಾರ್ಖಾನೆಯ ವೇಗ ಅದರ ಇಕ್ಕಟ್ಟಿನ ಜಾಗದ ವೇಗವೇ ಅನ್ನುವ ಈ ವಿಚಾರವನ್ನು 1980ರ ದಶಕದಲ್ಲಿ ಜನಪ್ರಿಯ ಮಾಡಿದವರು ಇಸ್ರೇಲಿನ ಎಲಿಯಾಹು ಗೋಲ್ಡ್‌ರಾಟ್. ಅವರು ಓದಿದ್ದು ಭೌತಶಾಸ್ತ್ರ. ಲೆಕ್ಕ ಇಷ್ಟು ಸುಲಭವಾಗಿದ್ದರೂ "ಗಂಟೆಗೆ ಮಷಿನ್ ರೇಟ್ 400 ರೂಪಾಯಿ" ಅಂತ ಎಲ್ಲ ಮಷಿನ್‌ಗೂ ಒಂದೇ ರೇಟ್ ಹಾಕಿ ಉಳಿತಾಯ ತೋರಿಸುವ ವರದಿಗಳು ಇವತ್ತಿಗೂ ತಯಾರಾಗುತ್ತಿವೆ. ಅಂಥ ವರದಿಯನ್ನು ನಾನಂತೂ ನಂಬುವುದಿಲ್ಲ.

4. ಪ್ರತಿ ತೊಂದರೆಗೂ ತಿಂಗಳ ನಷ್ಟ ಬರೆಯಿರಿ

ಪೈಸೆ ಲೆಕ್ಕ ಬೇಡ. ಐದು ಸಾವಿರವೋ, ಐವತ್ತು ಸಾವಿರವೋ ಗೊತ್ತಾದರೆ ಸಾಕು.

ರಿಜೆಕ್ಷನ್ ವಿಷಯದಲ್ಲಿ ಪೀಸ್ ಯಾವ ಹಂತದಲ್ಲಿ ಹಾಳಾಯಿತು ಅನ್ನುವುದು ಮುಖ್ಯ. ವಿಎಂಸಿ ಆದಮೇಲೆ ಗ್ರೈಂಡಿಂಗ್‌ನಲ್ಲಿ ದಿನಕ್ಕೆ 8 ಪೀಸ್ ಡಯಾ (ವ್ಯಾಸ) ಕಡಿಮೆಯಾಗಿ ಹಾಳಾಗುತ್ತಿವೆ ಅನ್ನೋಣ. ತಿಂಗಳಿಗೆ 200. ಅಕೌಂಟೆಂಟ್ ಪುಸ್ತಕದಲ್ಲಿ ಇದು 200 ಪೀಸ್‌ಗೆ 180ರಂತೆ 36,000 ರೂಪಾಯಿ ನಷ್ಟ. ಆದರೆ ಆ ಪೀಸ್‌ಗಳು ಆಗಲೇ ವಿಎಂಸಿಯ ಸಮಯ ತಿಂದಿವೆ. ಆ ಸಮಯ ವಾಪಸ್ ಬರುವುದಿಲ್ಲ. ಹಾಗಾಗಿ ಒಂದೊಂದು ಪೀಸ್‌ಗೂ ಹೋದದ್ದು ಪೂರ್ತಿ ಮಾರಾಟದ ಬೆಲೆ, 420. ಗುಜರಿಗೆ ಬರುವ ಚಿಲ್ಲರೆ ಬಿಟ್ಟರೆ ನಿಜವಾದ ನಷ್ಟ 84,000. ಅದೇ 8 ಪೀಸ್ ವಿಎಂಸಿಗೆ ಹೋಗುವ ಮುಂಚೆ ಲೇತ್‌ನಲ್ಲೇ ಹಾಳಾಗಿದ್ದರೆ ನಷ್ಟ ಮೆಟೀರಿಯಲ್‌ನದ್ದು ಮಾತ್ರ. ವಿಎಂಸಿಗೆ ಕೆಟ್ಟ ಪೀಸ್ ಹೋಗದ ಹಾಗೆ ಅದರ ಮುಂಚೆಯೇ ಒಂದು ಇನ್‌ಸ್ಪೆಕ್ಷನ್ ಇಡುವುದು ಇದೇ ಕಾರಣಕ್ಕೆ ಒಳ್ಳೆಯದು.

ಕಂಪ್ರೆಸರ್ ಗಾಳಿ ಸೋರಿಕೆ ನೋಡೋಣ. ರಜೆ ದಿನ ಎಲ್ಲ ಮಷಿನ್‌ಗಳ ಗಾಳಿ ಬಳಕೆ ನಿಲ್ಲಿಸಿ ಕಂಪ್ರೆಸರ್ ಮಾತ್ರ ಓಡಿಸಿ. ಅದು ಲೋಡ್‌ನಲ್ಲಿ (ಗಾಳಿ ತುಂಬುತ್ತಾ) ಎಷ್ಟು ಹೊತ್ತು, ಅನ್‌ಲೋಡ್‌ನಲ್ಲಿ (ಗಾಳಿ ತುಂಬದೆ) ಎಷ್ಟು ಹೊತ್ತು ಇರುತ್ತದೆ ಅಂತ ಕೆಲವು ಸಲ ಅಳೆಯಿರಿ. ಲೋಡ್ ಸಮಯವನ್ನು ಒಟ್ಟು ಸಮಯದಿಂದ ಭಾಗಿಸಿದರೆ ಸೋರಿಕೆಯ ಪ್ರಮಾಣ ಸಿಗುತ್ತದೆ. ಲೋಡ್ 1 ನಿಮಿಷ, ಅನ್‌ಲೋಡ್ 3 ನಿಮಿಷ ಬಂದರೆ ಶೇ 25. ಮೇಂಟೆನೆನ್ಸ್ ಸರಿಯಿಲ್ಲದ ಕಡೆ ಶೇ 20ರಿಂದ 30 ಸೋರಿಕೆ ಹೊಸದೇನಲ್ಲ. ಸೋರಿಕೆ ಮುಚ್ಚಿದರೆ ಸರಾಸರಿ 4 ಕಿಲೋವ್ಯಾಟ್ ಉಳಿಯುತ್ತದೆ, 16 ಗಂಟೆ, 25 ದಿನ, ಯೂನಿಟ್‌ಗೆ 8 ರೂಪಾಯಿ ಅಂತ ಹಿಡಿದರೆ ತಿಂಗಳಿಗೆ 12,800.

ಟೂಲ್ ಸ್ಟೋರ್ ಜೋಡಿಸುವುದು? ಅದರಿಂದ ಯಾರ ಸಮಯ ಉಳಿಯುತ್ತದೆ ನೋಡಿ. ವಿಎಂಸಿ ಸೆಟ್ಟರ್ ಟೂಲ್ ಹುಡುಕುತ್ತಾ ಅಲೆದಾಡುತ್ತಿದ್ದರೆ ಅದು ಬೇರೆ ಪ್ರಾಜೆಕ್ಟೇ ಅಲ್ಲ, ಸೆಟ್ಟಿಂಗ್ ಪ್ರಾಜೆಕ್ಟ್‌ನ ಒಂದು ಭಾಗ. ಪಟ್ಟಿಯಲ್ಲಿ ಹೀಗೆ ಒಂದೇ ಮೂಲದ ತೊಂದರೆಗಳು ಎರಡು ಮೂರು ಹೆಸರಲ್ಲಿ ಇರುತ್ತವೆ. ಸೇರಿಸಿ.

5. ಎಷ್ಟು ಕೆಲಸ ಅನ್ನುವುದಕ್ಕಿಂತ ಯಾರ ಕೆಲಸ

ಖರ್ಚು ಅಂದಕೂಡಲೇ ದುಡ್ಡು ನೆನಪಾಗುತ್ತದೆ. ಸಣ್ಣ ಶಾಪ್‌ಗಳಲ್ಲಿ ಸುಧಾರಣೆ ನಿಲ್ಲುವುದು ಹೆಚ್ಚಾಗಿ ಜನರ ಸಮಯ ಸಿಗದೆ. ಪ್ರತಿ ಪ್ರಾಜೆಕ್ಟ್‌ನ ಮುಂದೆ ಮೂರು ವಿಷಯ ಬರೆಯಿರಿ: ಯಾರು ಬೇಕು, ಅವರ ಎಷ್ಟು ವಾರ ಬೇಕು, ಕಾರಣ ಗೊತ್ತಿದೆಯೋ ಇಲ್ಲವೋ. ಕೊನೆಯದನ್ನು ಮರೆಯಬೇಡಿ. ಕಾರಣ ಗೊತ್ತಿಲ್ಲದ ರಿಜೆಕ್ಷನ್‌ಗೆ "ಮೂರು ವಾರ" ಅನ್ನುವುದು ಬರೀ ಆಸೆ. ಅಂಥದ್ದಕ್ಕೆ ಮೊದಲು ಒಂದು ವಾರ ಕಾರಣ ಹುಡುಕಲು ಮಾತ್ರ ಕೊಡಿ. ಆಮೇಲೆ ಅಂದಾಜು ಮಾಡಿ.

6. ಕ್ರಮ ಹಾಕುವ ಲೆಕ್ಕ

ಸೆಟ್ಟಿಂಗ್ ಪ್ರಾಜೆಕ್ಟ್ ತಿಂಗಳಿಗೆ 1,00,000 ತರುತ್ತದೆ, ಆರು ವಾರ ಬೇಕು. ಗ್ರೈಂಡಿಂಗ್ ರಿಜೆಕ್ಷನ್ 84,000, ಮೂರು ವಾರ. ಎರಡಕ್ಕೂ ಅದೇ ಪ್ರೊಡಕ್ಷನ್ ಇಂಜಿನಿಯರ್ ಬೇಕು. ಮೊದಲು ಯಾವುದು? ದೊಡ್ಡ ಅಂಕಿ ನೋಡಿ ಸೆಟ್ಟಿಂಗ್ ಅನ್ನುವವರೇ ಜಾಸ್ತಿ.

ತಿಂಗಳಿಗೆ ನಾಲ್ಕು ವಾರ ಅಂತ ಹಿಡಿದು ಲೆಕ್ಕ ಹಾಕಿ. ಸೆಟ್ಟಿಂಗ್ ಮೊದಲು ಹಿಡಿದರೆ ರಿಜೆಕ್ಷನ್ ಆರು ವಾರ ಕಾಯಬೇಕು, ವಾರಕ್ಕೆ 21,000ದಂತೆ 1,26,000 ನಷ್ಟ. ರಿಜೆಕ್ಷನ್ ಮೊದಲು ಹಿಡಿದರೆ ಸೆಟ್ಟಿಂಗ್ ಮೂರು ವಾರ ಕಾಯುತ್ತದೆ, ವಾರಕ್ಕೆ 25,000ದಂತೆ 75,000. ಕೆಲಸ ಅದೇ, ಜನ ಅದೇ, ಬರೀ ಕ್ರಮ ಬದಲಾಯಿಸಿದ್ದಕ್ಕೆ 51,000 ರೂಪಾಯಿ ವ್ಯತ್ಯಾಸ. ಸೂತ್ರ ಬೇಕಿದ್ದರೆ: ತಿಂಗಳ ನಷ್ಟವನ್ನು ಬೇಕಾಗುವ ವಾರಗಳಿಂದ ಭಾಗಿಸಿ, ಯಾವುದು ದೊಡ್ಡದೋ ಅದು ಮೊದಲು. ರಿಜೆಕ್ಷನ್ 28,000, ಸೆಟ್ಟಿಂಗ್ 16,667.

ಗಾಳಿ ಸೋರಿಕೆಗೆ ಒಂದು ವಾರ, ಅಂದರೆ 12,800. ಮೂರರಲ್ಲಿ ಕೊನೆ. ಆದರೂ ಅದನ್ನು ನಾಳೆಯೇ ಶುರು ಮಾಡಬಹುದು. ಅದಕ್ಕೆ ಬೇಕಾದವರು ಮೇಂಟೆನೆನ್ಸ್‌ನವರು, ಪ್ರೊಡಕ್ಷನ್ ಇಂಜಿನಿಯರ್ ಅಲ್ಲ. ಕ್ರಮ ಬೇಕಾಗುವುದು ಒಬ್ಬರನ್ನೇ ಎರಡು ಕೆಲಸ ಕೇಳುವಾಗ ಮಾತ್ರ. ಹಾಗಾಗಿ ಇಡೀ ಕಾರ್ಖಾನೆಗೆ ಒಂದೇ ಉದ್ದ ಪಟ್ಟಿ ಬೇಡ, ಒಬ್ಬೊಬ್ಬರಿಗೂ ಒಂದು ಸಣ್ಣ ಸಾಲು ಇರಲಿ.

7. ಸ್ಕೋರ್ ಹಾಕುವ ಕೋಷ್ಟಕಗಳ ಬಗ್ಗೆ

ಲಾಭ ಜಾಸ್ತಿ-ಕಡಿಮೆ, ಶ್ರಮ ಜಾಸ್ತಿ-ಕಡಿಮೆ ಅಂತ ನಾಲ್ಕು ಮನೆಗಳ ಚಿತ್ರ ಬಹಳ ಕಡೆ ಬಳಸುತ್ತಾರೆ. ಮೂವತ್ತು ಐಡಿಯಾಗಳನ್ನು ಹತ್ತಕ್ಕೆ ಇಳಿಸಲು ಅದು ಪರವಾಗಿಲ್ಲ. ಅಲ್ಲಿಂದ ಮುಂದೆ ಅದರ ಕೈಲಿ ಆಗುವುದಿಲ್ಲ, ಯಾಕೆಂದರೆ ಎಲ್ಲರೂ ತಮ್ಮ ಐಡಿಯಾವನ್ನು "ಲಾಭ ಜಾಸ್ತಿ, ಶ್ರಮ ಕಡಿಮೆ" ಮನೆಗೇ ತಳ್ಳುತ್ತಾರೆ.

1ರಿಂದ 10ರವರೆಗೆ ಅಂಕ ಕೊಟ್ಟು ಗುಣಿಸುವ ಪದ್ಧತಿಗೆ ಇನ್ನೊಂದು ತೊಂದರೆ ಇದೆ. ಆಟೋಮೊಬೈಲ್ ಸಪ್ಲೈಯರ್‌ಗಳಿಗೆ ಎಫ್‌ಎಂಇಎ (ಯಾವುದು ಹೇಗೆ ಕೆಡಬಹುದು ಅಂತ ಮೊದಲೇ ಪಟ್ಟಿ ಮಾಡುವ ಪದ್ಧತಿ) ಪರಿಚಯ ಇರುತ್ತದೆ. ತೀವ್ರತೆ, ಎಷ್ಟು ಸಲ ಆಗುತ್ತದೆ, ಪತ್ತೆ ಹಚ್ಚುವುದು ಎಷ್ಟು ಕಷ್ಟ, ಮೂರನ್ನೂ ಗುಣಿಸಿ ಆರ್‌ಪಿಎನ್ (ಅಪಾಯದ ಆದ್ಯತೆಯ ಅಂಕ) ಅನ್ನುತ್ತಿದ್ದರು. ಪ್ರಾಣಕ್ಕೆ ಅಪಾಯ ಇರುವ ದೋಷ 10×2×2, ಒಟ್ಟು 40. ಬಣ್ಣ ಸ್ವಲ್ಪ ಮಾಸಿದ್ದು 4×5×4, ಒಟ್ಟು 80. ಲೆಕ್ಕದ ಪ್ರಕಾರ ಬಣ್ಣವೇ ಮೊದಲು! ವಾಹನ ಉದ್ಯಮದ ಎರಡು ಸಂಸ್ಥೆಗಳು, ಅಮೆರಿಕದ ಎಐಎಜಿ ಮತ್ತು ಜರ್ಮನಿಯ ವಿಡಿಎ, ಸೇರಿ 2019ರಲ್ಲಿ ತಂದ ಕೈಪಿಡಿಯಲ್ಲಿ ಆರ್‌ಪಿಎನ್ ಬಿಟ್ಟು, ತೀವ್ರತೆಗೆ ಹೆಚ್ಚು ತೂಕ ಕೊಡುವ ಆಕ್ಷನ್ ಪ್ರಯಾರಿಟಿ ಕೋಷ್ಟಕ ತಂದರು. ನೀವೂ ಸ್ಕೋರ್ ಬಳಸುವುದಾದರೆ ಮೊತ್ತವನ್ನು ಕುರುಡಾಗಿ ನಂಬಬೇಡಿ. ಉತ್ತರ ವಿಚಿತ್ರ ಅನ್ನಿಸಿದರೆ ಸ್ಕೋರ್ ಅಲ್ಲೇ ನಿಲ್ಲಿಸಿ ಮಾತಾಡಿ.

ರೂಪಾಯಿಗೆ ಸಿಗದ ವಿಷಯಗಳೂ ಇವೆ. ಕೂಲೆಂಟ್ (ಕತ್ತರಿಸುವಾಗ ತಂಪು ಮಾಡುವ ದ್ರವ) ಕೊಳೆತು ನಾರುತ್ತಿದೆ, ಆಪರೇಟರ್‌ಗಳ ಕೈ ತುರಿಸುತ್ತದೆ. ಇದರ ತಿಂಗಳ ನಷ್ಟ ಬರೆಯಲು ಹೋದರೆ ಸುಳ್ಳು ಅಂಕಿ ಬರುತ್ತದೆ. ಇಂಥವಕ್ಕೆ ಒಂದು ಜಾಗ ಮೀಸಲಿಡಿ. ನಡೆಯುತ್ತಿರುವ ಪ್ರಾಜೆಕ್ಟ್‌ಗಳಲ್ಲಿ ಒಂದು ಯಾವಾಗಲೂ ಶಾಪ್ ಫ್ಲೋರ್‌ನವರೇ ಆರಿಸಿದ್ದು ಇರಲಿ. ಅದಕ್ಕೆ ಲಾಭದ ಲೆಕ್ಕ ಕೇಳಬೇಡಿ.

8. ತೀರ್ಮಾನದ ಮೀಟಿಂಗ್

ಮಾಲೀಕರು, ಪ್ರೊಡಕ್ಷನ್, ಕ್ವಾಲಿಟಿ, ಮೇಂಟೆನೆನ್ಸ್, ಅಕೌಂಟ್ಸ್, ಜೊತೆಗೆ ಒಬ್ಬ ಹಿರಿಯ ಆಪರೇಟರ್, ಆರು ಜನ ಸಾಕು. ಒಂದೂವರೆ ಗಂಟೆಯಲ್ಲಿ ಮುಗಿಯಬೇಕು.

ನಮ್ಮಲ್ಲಿ ಒಂದು ಅಭ್ಯಾಸ ಇದೆ ಅಲ್ವಾ, ದೊಡ್ಡವರು ಬಾಯಿಬಿಟ್ಟ ಮೇಲೆ ಉಳಿದವರದ್ದು "ಹೌದು ಸಾರ್, ನಾನೂ ಅದನ್ನೇ ಹೇಳೋಣ ಅಂತಿದ್ದೆ." ಇದಕ್ಕೆ ಉಪಾಯ ಸುಲಭ. ಮಾತು ಶುರುವಾಗುವ ಮುಂಚೆ ಪ್ರತಿಯೊಬ್ಬರೂ ತಮ್ಮ ಮೊದಲ ಮೂರನ್ನು ಚೀಟಿಯಲ್ಲಿ ಬರೆದು ಮೇಜಿನ ಮೇಲಿಡಲಿ. ಚೀಟಿ ಓದಿದ ಮೇಲೆ ಆಪರೇಟರ್ ಮೊದಲು ಮಾತಾಡಲಿ, ಮಾಲೀಕರು ಕೊನೆಗೆ. ಎಲ್ಲರೂ ಒಪ್ಪಿದ್ದಕ್ಕೆ ಸಮಯ ಕಳೆಯಬೇಡಿ. ಚೀಟಿಗಳಲ್ಲಿ ಎಲ್ಲಿ ಜಾಸ್ತಿ ವ್ಯತ್ಯಾಸ ಇದೆಯೋ ಅಲ್ಲಿಗೆ ಹೋಗಿ. ಒಬ್ಬರು ಮೊದಲು ಇಟ್ಟಿದ್ದನ್ನು ಇನ್ನೊಬ್ಬರು ಬರೆದೇ ಇಲ್ಲ ಅಂದರೆ, ಇಬ್ಬರಲ್ಲಿ ಒಬ್ಬರಿಗೆ ಇನ್ನೊಬ್ಬರಿಗೆ ಗೊತ್ತಿಲ್ಲದ ಏನೋ ಗೊತ್ತಿದೆ.

ಮಾಲೀಕರಿಗೆ ಲೆಕ್ಕ ಮೀರಿ ಒಂದನ್ನು ಮುಂದೆ ತರುವ ಹಕ್ಕು ಇರಲಿ, ಕಂಪನಿ ಅವರದ್ದು. ಆದರೆ ಒಂದು ಷರತ್ತು: ಒಂದು ಒಳಗೆ ಬಂದರೆ ಒಂದು ಹೊರಗೆ ಹೋಗಬೇಕು. ಯಾವುದು ಹೋಗುತ್ತದೆ ಅಂತ ಅವರೇ ಆ ಮೀಟಿಂಗ್‌ನಲ್ಲಿ ಹೇಳಬೇಕು.

9. ಒಂದೇ ಸಲ ಎಷ್ಟು?

1961ರಲ್ಲಿ ಅಮೆರಿಕದ ಪ್ರಾಧ್ಯಾಪಕ ಜಾನ್ ಲಿಟಲ್ ಒಂದು ನಿಯಮವನ್ನು ಗಣಿತದಿಂದ ಸಾಧಿಸಿ ತೋರಿಸಿದರು. ನಡೆಯುತ್ತಿರುವ ಕೆಲಸಗಳ ಸಂಖ್ಯೆಯನ್ನು ಮುಗಿಯುವ ವೇಗದಿಂದ ಭಾಗಿಸಿದರೆ ಒಂದು ಕೆಲಸಕ್ಕೆ ಸರಾಸರಿ ತಗಲುವ ಸಮಯ ಬರುತ್ತದೆ. ನಿಮ್ಮಲ್ಲಿ ತಿಂಗಳಿಗೆ ಎರಡು ಪ್ರಾಜೆಕ್ಟ್ ಮುಗಿಯುತ್ತವೆ, ಹನ್ನೆರಡು ಓಡುತ್ತಿವೆ ಅಂದರೆ ಒಂದೊಂದಕ್ಕೂ ಸರಾಸರಿ ಆರು ತಿಂಗಳು. ನಾಲ್ಕೇ ಓಡುತ್ತಿದ್ದರೆ ಎರಡು ತಿಂಗಳು. ಇದಕ್ಕೆ ಯಾರೂ ಹೆಚ್ಚು ದುಡಿಯಬೇಕಿಲ್ಲ.

ನಲವತ್ತು ಜನರ ಶಾಪ್‌ಗೆ ಒಂದು ಸಲಕ್ಕೆ ಮೂರು ಅಥವಾ ನಾಲ್ಕು, ಒಬ್ಬರ ಕೈಯಲ್ಲಿ ಒಂದೇ. ಇದು ನನ್ನ ಅಭಿಪ್ರಾಯ. ನೀವು ಐದು ಇಟ್ಟುಕೊಂಡರೂ ಸರಿ, ಒಂದು ಮುಗಿಯದೆ ಇನ್ನೊಂದು ಶುರುವಾಗಬಾರದು.

ಮುಗಿಯಿತು ಅಂದರೆ ಏನು ಅಂತ ಮೊದಲೇ ಬರೆದಿಡಿ. "ಸೆಟ್ಟಿಂಗ್ ಕಡಿಮೆಯಾಗಬೇಕು" ಅಂತ ಬರೆದರೆ ಅದು ಯಾವತ್ತೂ ಮುಗಿಯುವುದಿಲ್ಲ. "ಸತತ ಹತ್ತು ಜಾಬ್ ಬದಲಾವಣೆ 45 ನಿಮಿಷದ ಒಳಗೆ, ರಾತ್ರಿ ಶಿಫ್ಟ್ ಸೇರಿಸಿ" ಅಂತ ಬರೆದರೆ ಮುಗಿಯುತ್ತದೆ. ಸೆಟ್ಟಿಂಗ್‌ಗೆ ದಾರಿ ಜಪಾನಿನ ಇಂಜಿನಿಯರ್ ಶಿಗಿಯೊ ಶಿಂಗೊ ತೋರಿಸಿದ್ದೇ ಇದೆ: ಮಷಿನ್ ಓಡುತ್ತಿರುವಾಗಲೇ ಮಾಡಬಹುದಾದ ಕೆಲಸವನ್ನು ಮಷಿನ್ ನಿಂತಾಗ ಮಾಡಬೇಡಿ. ಮುಂದಿನ ಜಾಬ್‌ನ ಫಿಕ್ಸ್ಚರ್ (ಪೀಸ್ ಹಿಡಿದಿಡುವ ಸಾಧನ), ಟೂಲ್, ಪ್ರೋಗ್ರಾಮ್ ಮೊದಲೇ ಟ್ರಾಲಿಯಲ್ಲಿ ಬಂದು ನಿಂತರೆ ಅರ್ಧ ಕೆಲಸ ಆದಂತೆ. ಹೊಸ ಮಷಿನ್ ಕೊಟೇಶನ್ ತರಿಸುವ ಮುಂಚೆ ಇದನ್ನು ಎರಡು ವಾರ ಮಾಡಿ ನೋಡಿ.

10. ಐಡಿಯಾ ಬೇಡ ಅನ್ನಿಸಿಕೊಂಡವರಿಗೆ ಹೇಳುವ ಮಾತು

ಉಳಿದವನ್ನು ಬೇರೆ ಹಾಳೆಗೆ ಹಾಕಿ. ಪ್ರತಿಯೊಂದರ ಮುಂದೆ ಎರಡು ವಿಷಯ ಇರಲಿ: ಈಗ ಯಾಕೆ ಇಲ್ಲ, ಏನಾದರೆ ಮತ್ತೆ ನೋಡುತ್ತೇವೆ. "ಲೇತ್‌ನಲ್ಲಿ ಬಾರ್ ಫೀಡರ್ (ಸರಳನ್ನು ತಾನೇ ಒಳಗೆ ತಳ್ಳುವ ಸಾಧನ): ಈಗ ಲೇತ್‌ಗಳು ಖಾಲಿ ಇವೆ. ಓಟಿ ಶುರುವಾದರೆ ನೋಡೋಣ." ಐಡಿಯಾ ಕೊಟ್ಟವರಿಗೆ ಆ ವಾರದಲ್ಲೇ, ಎದುರಿಗೆ ಹೋಗಿ ಹೇಳಿ. ಉತ್ತರವೇ ಬಾರದಿದ್ದರೆ ಆ ಮನುಷ್ಯ ಇನ್ನೊಂದು ಐಡಿಯಾ ಕೊಡುವುದಿಲ್ಲ, ಪಕ್ಕದವನಿಗೂ "ಸುಮ್ನಿರೋ, ಹೇಳಿ ಏನು ಪ್ರಯೋಜನ" ಅನ್ನುತ್ತಾನೆ. ಇದನ್ನು ನೋಟಿಸ್ ಬೋರ್ಡ್‌ಗೆ ಬಿಡಬೇಡಿ.

11. ತಿಂಗಳಿಗೊಮ್ಮೆ ತಿರುಗಿ ನೋಡಿ

ಅರ್ಧ ಗಂಟೆ ಸಾಕು. ಮುಗಿದವುಗಳ ನಿಜವಾದ ಉಳಿತಾಯ ಅಂದಾಜಿನ ಪಕ್ಕದಲ್ಲಿ ಬರೆಯಿರಿ. ಅಂದಾಜು 84,000 ಇದ್ದು ಬಂದದ್ದು 30,000 ಆದರೆ ಯಾರನ್ನೂ ಬೈಯಬೇಡಿ, ಬೈದರೆ ಮುಂದಿನ ಸಲ ಎಲ್ಲರೂ ಚಿಕ್ಕ ಅಂಕಿ ಹೇಳುತ್ತಾರೆ. ಯಾವ ಊಹೆ ತಪ್ಪಿತು ಅಂತ ಹುಡುಕಿ. ಅಂದಾಜು ಮಾಡಿದ್ದಕ್ಕಿಂತ ಎರಡು ಪಟ್ಟು ಸಮಯ ತಿಂದೂ ಮುಗಿಯದ ಪ್ರಾಜೆಕ್ಟ್ ಇದ್ದರೆ, ಇವತ್ತು ಹೊಸದಾಗಿ ಪಟ್ಟಿಗೆ ಬಂದಿದ್ದರೆ ಇದನ್ನು ಆರಿಸುತ್ತಿದ್ದೆವಾ ಅಂತ ಕೇಳಿ. ಇಲ್ಲ ಅಂದರೆ ನಿಲ್ಲಿಸಿ.

ಇಕ್ಕಟ್ಟಿನ ಜಾಗ ಬದಲಾಗಿದೆಯಾ ಅಂತಲೂ ನೋಡಲೇಬೇಕು. ವಿಎಂಸಿಯಲ್ಲಿ ತಿಂಗಳಿಗೆ 42 ಗಂಟೆ ಸಿಕ್ಕಿತು ಅನ್ನೋಣ. ಇಪ್ಪತ್ತು ಗಂಟೆ ಆಗುವಷ್ಟರಲ್ಲಿ ಗ್ರೈಂಡಿಂಗ್ ಮುಂದೆ ಬಿನ್‌ಗಳು ನಿಲ್ಲತೊಡಗಬಹುದು. ಆಗ ಉಳಿದ 22 ಗಂಟೆಗೆ ಬೆಲೆ ಇಲ್ಲ, ಆ ಒಂದು ಲಕ್ಷದ ಅಂದಾಜು ಅರ್ಧಕ್ಕೆ ಇಳಿಯುತ್ತದೆ. ಮೂಲೆಗೆ ಹಾಕಿದ್ದ ಗ್ರೈಂಡಿಂಗ್ ಡ್ರೆಸ್ಸಿಂಗ್ (ಸವೆದ ಚಕ್ರವನ್ನು ಮತ್ತೆ ಹದ ಮಾಡುವ) ಸಮಯ ಕಡಿಮೆ ಮಾಡುವ ಐಡಿಯಾ ಮೇಲೆ ಬರುತ್ತದೆ. ಗಂಟೆಗೆ 2,400 ಅನ್ನುವ ಅಂಕಿಯನ್ನು ಅಳಿಸಿ, ಗ್ರೈಂಡಿಂಗ್ ಮಷಿನ್‌ಗೆ ಹೊಸದಾಗಿ ಲೆಕ್ಕ ಹಾಕಿ, ಪಟ್ಟಿಯ ಮೇಲಿನ ಐದಾರನ್ನು ಮತ್ತೆ ಜೋಡಿಸಿ. ಇಡೀ ಪಟ್ಟಿ ಬೇಡ.